ಗಿಡ್ಡ ರ್ಯಾಮ್, ವೇಗದ ರ್ಯಾಮ್: ಮುಖ್ಯಾಂಶಗಳು

ಲೋ ಪ್ರೊಫೈಲ್ ಎಂದರೆ ಎತ್ತರ ಕಡಿಮೆ, ಅಷ್ಟೇ. ವೇಗಕ್ಕೂ ಇದಕ್ಕೂ ನಂಟಿಲ್ಲ.

ಡೆಸ್ಕ್‌ಟಾಪಿನ ಡಿಡಿಆರ್4 ಮಾಡ್ಯೂಲಿನ ಉದ್ದ 133.35 ಮಿ.ಮೀ., ಎತ್ತರ ಸುಮಾರು 31.25 ಮಿ.ಮೀ. ಇದರ ಮೇಲೆ ಹೀಟ್ ಸ್ಪ್ರೆಡರ್ ಮತ್ತು ಬಣ್ಣದ ದೀಪ ಕೂತಾಗ ಎತ್ತರ ಏರುತ್ತದೆ: ಜಿ.ಸ್ಕಿಲ್ ಟ್ರೈಡೆಂಟ್ ಝಡ್ 44 ಮಿ.ಮೀ., ಕೋರ್ಸೇರ್ ವೆಂಜನ್ಸ್ ಆರ್‌ಜಿಬಿ ಪ್ರೊ 51 ಮಿ.ಮೀ. ನಾಕ್ಟುವಾ ಎನ್‌ಎಚ್-ಡಿ15ರಂಥ ದೊಡ್ಡ ಕೂಲರಿಗೆ ಎರಡು ಫ್ಯಾನ್ ಹಾಕಿದರೆ ಅದರಡಿ ರ್ಯಾಮಿಗೆ ಉಳಿಯುವುದು 32 ಮಿ.ಮೀ. ಮಾತ್ರ. ಫ್ಯಾನನ್ನು ಮೇಲಕ್ಕೆ ಸರಿಸಬಹುದು. ಆಗ ಕ್ಯಾಬಿನೆಟ್ಟಿನ ಮುಚ್ಚಳ ಕೂರುವುದಿಲ್ಲ ಎಂಬ ಹೊಸ ತಕರಾರು ಎದುರಾಗಬಹುದು. 18.75 ಮಿ.ಮೀ.ನ ವೆರಿ ಲೋ ಪ್ರೊಫೈಲ್ ಬೇರೆಯೇ ಜಾತಿ, ಹೆಚ್ಚಾಗಿ ಸರ್ವರ್ ಮತ್ತು ಕೈಗಾರಿಕಾ ಯಂತ್ರಗಳಿಗೆ. ಎರಡನ್ನೂ ಒಂದೆಂದು ಬರೆಯಬೇಡಿ.

ಡಿಡಿಆರ್4-3200ರಲ್ಲಿ 3200 ಎಂಬುದು ಸೆಕೆಂಡಿಗೆ ಆಗುವ ವರ್ಗಾವಣೆಗಳ ಲೆಕ್ಕ, ಮಿಲಿಯನ್‌ಗಳಲ್ಲಿ. ಗಡಿಯಾರದ ನಿಜವಾದ ವೇಗ 1600 ಮೆಗಾಹರ್ಟ್ಸ್, ಏಕೆಂದರೆ ಒಂದು ಸುತ್ತಿಗೆ ಎರಡು ಸಲ ದತ್ತಾಂಶ ಸಾಗುತ್ತದೆ. ಅಂಗಡಿಯವರು 3200 ಮೆಗಾಹರ್ಟ್ಸ್ ಎಂದೇ ಹೇಳುತ್ತಾರೆ. ಉತ್ತರ ಪತ್ರಿಕೆಯಲ್ಲಿ ಅದು ತಪ್ಪು. ಒಂದು ಸಲಕ್ಕೆ 8 ಬೈಟ್‌ನಂತೆ ಸೆಕೆಂಡಿಗೆ 3200 × 8 = 25,600 ಮೆಗಾಬೈಟ್; ಪಿಸಿ4-25600 ಎಂಬ ಹೆಸರು ಬಂದದ್ದು ಹೀಗೆ. ಡ್ಯುಯಲ್ ಚಾನೆಲ್‌ನಲ್ಲಿ ಇದರ ದುಪ್ಪಟ್ಟು.

ಸಿಎಲ್ ಎಂದರೆ ಕ್ಯಾಸ್ ಲೇಟೆನ್ಸಿ, ಗಡಿಯಾರದ ಸುತ್ತುಗಳಲ್ಲಿ ಎಣಿಸಿದ ವಿಳಂಬ. ನಿಜವಾದ ವಿಳಂಬ (ನ್ಯಾನೋಸೆಕೆಂಡ್) = ಸಿಎಲ್ × 2000 ÷ ವರ್ಗಾವಣೆ ವೇಗ. ಸೂತ್ರ ಬಾಯಿಪಾಠವಾಗಿರಲಿ. 3200 ಸಿಎಲ್16, 3600 ಸಿಎಲ್18, ಡಿಡಿಆರ್5-6000 ಸಿಎಲ್30 ಮೂರಕ್ಕೂ ಉತ್ತರ 10. ಡಿಡಿಆರ್5-4800 ಸಿಎಲ್40 ಆದರೋ 16.7. ಅಂದರೆ ಹೊಸ ಪೀಳಿಗೆ ಎಂದ ಮಾತ್ರಕ್ಕೆ ಮೊದಲ ಬೈಟ್ ಬೇಗ ಬರುವುದಿಲ್ಲ. ಹೆಚ್ಚುವುದು ಮುಖ್ಯವಾಗಿ ಬ್ಯಾಂಡ್‌ವಿಡ್ತ್.

ವೋಲ್ಟೇಜ್: ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ವೇಗದ ಡಿಡಿಆರ್4 ಕಿಟ್‌ಗಳು ಸಾಮಾನ್ಯವಾಗಿ 1.35 ಕೇಳುತ್ತವೆ. ಅಷ್ಟರ ಬಿಸಿಗೆ ತೆಳು ಅಲ್ಯೂಮಿನಿಯಂ ಹೊದಿಕೆ ಸಾಕು. ಎತ್ತರದ ರೆಕ್ಕೆಗಳು ಬಹುಮಟ್ಟಿಗೆ ಶೋಕಿ.

ಇಂಟೆಲ್‌ನ ಎಕ್ಸ್‌ಎಂಪಿ (2007), ಎಎಂಡಿಯ ಎಕ್ಸ್‌ಪೋ (2022): ಮಾಡ್ಯೂಲಿನ ಪುಟ್ಟ ಚಿಪ್‌ನಲ್ಲಿ ಬರೆದಿಟ್ಟ ಸಿದ್ಧ ವೇಗ. ಬಯಾಸ್‌ಗೆ ಹೋಗಿ ಇದನ್ನು ಆನ್ ಮಾಡದಿದ್ದರೆ 3200ರ ಕಿಟ್ 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ. ದುಡ್ಡು ಸುರಿದು ವರ್ಷಗಟ್ಟಲೆ ಹಾಗೇ ಓಡಿಸುವವರಿದ್ದಾರೆ!

ನಾಲ್ಕು ಸ್ಲಾಟಿದ್ದು ಎರಡೇ ಮಾಡ್ಯೂಲಿದ್ದರೆ ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ನಾಲ್ಕೂ ತುಂಬಿದರೆ ವೇಗ ಇಳಿಸಬೇಕಾಗಬಹುದು.

ವಿಂಡೋಸ್ ತೆರೆದುಕೊಂಡಿತೆಂದರೆ ರ್ಯಾಮ್ ಸರಿಯಿದೆ ಎಂದಲ್ಲ. ಮೆಮ್‌ಟೆಸ್ಟ್86 ಎಂಬ ರ್ಯಾಮ್ ಪರೀಕ್ಷೆಯ ತಂತ್ರಾಂಶ ಓಡಿಸಿ; ಒಂದೇ ದೋಷ ಬಂದರೂ ಆ ವೇಗ ನಿಲ್ಲದು.

ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್. ಕಚ್ಚಿನ ಜಾಗ ಮಾತ್ರ ಬೇರೆ, ಹಾಗಾಗಿ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು.