ಎತ್ತರಿಸಿದ ಜೀಪು ನೇರ ಓಡುತ್ತಿಲ್ಲವೇ? ಬಿಡಿಭಾಗ ಕೊಳ್ಳುವ ಮೊದಲು ಕೋನ ಅಳೆಯಿರಿ

ಆಕ್ಸಲ್ ಬದಲಿಸಿ, ಲೀಫ್ ಸ್ಪ್ರಿಂಗನ್ನು ಆಕ್ಸಲ್‌ನ ಕೆಳಗಿನಿಂದ ಮೇಲಕ್ಕೆ ತಂದು ಎತ್ತರಿಸಿದ ಜಿಪ್ಸಿಯೋ ಹಳೆಯ ಮಹೀಂದ್ರ ಜೀಪೋ ತೋಟದ ದಾರಿಯಲ್ಲಿ ಸೊಗಸಾಗಿಯೇ ಓಡುತ್ತದೆ. ಹೆದ್ದಾರಿಯಲ್ಲಿ ವೇಗ ಏರಿದಾಗ ಮಾತ್ರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಯತೊಡಗುತ್ತದೆ. ಸ್ಟೇರಿಂಗ್ ತಿದ್ದುತ್ತಲೇ ಇರಬೇಕು. ಆಗ ಹೆಚ್ಚಿನವರು ಮೊದಲು ಕೈ ಹಾಕುವುದು ಸ್ಟೇರಿಂಗ್ ಬಾಕ್ಸ್‌ಗೆ, ಆಮೇಲೆ ಡ್ಯಾಂಪರ್‌ಗೆ. ಈ ಕ್ರಮವೇ ತಲೆಕೆಳಗು. ಗಾಡಿ ಎತ್ತರಿಸಿದಾಗ ಬಾಕ್ಸ್ ಸವೆಯುವುದಿಲ್ಲ, ಕೋನಗಳು ಬದಲಾಗುತ್ತವೆ. ಬದಲಾದದ್ದನ್ನು ಮೊದಲು ಅಳೆಯಬೇಕು. ಡ್ಯಾಂಪರ್ ಚಕ್ರದ ನಡುಕವನ್ನು ತಗ್ಗಿಸಬಹುದು, ದಿಕ್ಕು ತಪ್ಪುವ ಗಾಡಿಯನ್ನು ನೇರ ಮಾಡಲಾರದು.

ಮೊದಲು ನಾಲ್ಕೂ ಟೈರ್‌ಗಳ ಗಾಳಿ ಸರಿಮಾಡಿ, ಖಾಲಿ ಮೈದಾನದಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುವು ತೆಗೆದುಕೊಂಡು ಹಿಡಿತ ಸಡಿಲಿಸಿ. ಸ್ಟೇರಿಂಗ್ ತಾನಾಗಿ ನಡುವಿಗೆ ಮರಳದಿದ್ದರೆ ಅನುಮಾನ ಕ್ಯಾಸ್ಟರ್ ಮೇಲೆ, ಇಲ್ಲವೇ ಬಿಗಿಯಾದ ಕಿಂಗ್ ಪಿನ್ ಮೇಲೆ. ಸ್ವಲ್ಪ ತಿರುಗಿಸಿದರೂ ಚಕ್ರ ಕದಲದಿದ್ದರೆ ಎಲ್ಲೋ ಪ್ಲೇ ಇದೆ. ಗುಂಡಿಗೆ ಬಿದ್ದಾಗ ಮಾತ್ರ ದಿಕ್ಕು ತಪ್ಪಿದರೆ ಡ್ರ್ಯಾಗ್ ಲಿಂಕ್ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೂ ಬಿಟ್ಟಾಗ ಇನ್ನೊಂದು ಕಡೆಗೂ ವಾಲಿದರೆ ದೋಷ ಹಿಂದಿನ ಆಕ್ಸಲ್‌ನಲ್ಲಿರುವ ಸಾಧ್ಯತೆಯೇ ಹೆಚ್ಚು.

ಪ್ಲೇ ಹುಡುಕಲು ಇಬ್ಬರು ಬೇಕು. ಚಕ್ರಗಳು ನೆಲದ ಮೇಲೇ ಇರಲಿ, ಎಂಜಿನ್ ಆಫ್ ಆಗಿರಲಿ, ಹಿಂದಿನ ಚಕ್ರಕ್ಕೆ ಅಡೆ ಇಡಿ. ಒಬ್ಬರು ಸ್ಟೇರಿಂಗನ್ನು ಎಡಬಲಕ್ಕೆ ಸಣ್ಣದಾಗಿ ಅಲ್ಲಾಡಿಸುತ್ತಿದ್ದರೆ, ಇನ್ನೊಬ್ಬರು ಕೆಳಗೆ ಪ್ರತಿ ಕೀಲಿನ ಮೇಲೆ ಬೆರಳಿಟ್ಟು ನೋಡಬೇಕು. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದೆ. ಬಾಕ್ಸ್ ಕೂತಿರುವ ಚಾಸಿ ಜಾಗವನ್ನು ಮರೆಯಬೇಡಿ. ದೊಡ್ಡ ಟೈರ್‌ಗಳ ಹೊರೆಗೆ ಅಲ್ಲಿ ಬಿರುಕು ಬಿಡುವುದುಂಟು. ಆಮೇಲೆ ಚಕ್ರವನ್ನು ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗ್ ಮತ್ತು ಕಿಂಗ್ ಪಿನ್ ಪರೀಕ್ಷಿಸಿ.

ಇಲ್ಲಿಂದ ಮುಂದಿನದು ಮುಖ್ಯ. ಚಕ್ರ ತಿರುಗುವ ಅಕ್ಷ, ಅಂದರೆ ಕಿಂಗ್ ಪಿನ್ ರೇಖೆ, ಮೇಲ್ತುದಿಯಲ್ಲಿ ಹಿಂದಕ್ಕೆ ವಾಲಿರಬೇಕು. ಈ ವಾಲಿಕೆಯೇ ಪಾಸಿಟಿವ್ ಕ್ಯಾಸ್ಟರ್, ಚಕ್ರವನ್ನು ನೇರಕ್ಕೆ ಎಳೆದು ತರುವ ಶಕ್ತಿ ಬರುವುದೂ ಇದರಿಂದಲೇ. ಜಿಪ್ಸಿಯಲ್ಲಿ ಮುಂದಿನ ಸ್ಪ್ರಿಂಗ್‌ನ ಶ್ಯಾಕಲ್ ಮುಂತುದಿಯಲ್ಲಿದೆ. ಉದ್ದದ ಶ್ಯಾಕಲ್ ಹಾಕಿದರೆ ಸ್ಪ್ರಿಂಗ್‌ನ ಮುಂತುದಿ ತಗ್ಗಿ, ಆಕ್ಸಲ್ ಮುಂದಕ್ಕೆ ಉರುಳಿ, ಕ್ಯಾಸ್ಟರ್ ಇಳಿಯುತ್ತದೆ. ಬೇರೆ ಗಾಡಿಯ ಆಕ್ಸಲ್ ಕೂರಿಸುವಾಗ ಸ್ಪ್ರಿಂಗ್ ಪ್ಯಾಡನ್ನು ಯಾವ ಕೋನದಲ್ಲಿ ವೆಲ್ಡ್ ಮಾಡಿದರೋ ಅದೇ ಕ್ಯಾಸ್ಟರನ್ನು ತೀರ್ಮಾನಿಸಿಬಿಡುತ್ತದೆ. ಸಮತಟ್ಟು ನೆಲದಲ್ಲಿ ಚಕ್ರ ನೇರವಿಟ್ಟು, ಕಿಂಗ್ ಪಿನ್ ಅಕ್ಷಕ್ಕೆ ಲಂಬವಾಗಿರುವ ನಯವಾದ ಮುಖದ ಮೇಲೆ ಡಿಜಿಟಲ್ ಆಂಗಲ್ ಗೇಜ್ ಇಟ್ಟು ಎರಡೂ ಕಡೆ ಓದಿಕೊಳ್ಳಿ. ದೊಡ್ಡ ಟೈರ್ ಹಾಕಿದ ಲೀಫ್ ಸ್ಪ್ರಿಂಗ್ ಗಾಡಿಗೆ 4ರಿಂದ 6 ಡಿಗ್ರಿ ಒಳ್ಳೆಯ ಗುರಿ. 1 ಅಥವಾ 2 ಬಂದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ.

ಅಲೈನ್‌ಮೆಂಟ್ ಅಂಗಡಿಯಲ್ಲಿ ಎಲ್ಲ ಸರಿಯಿದೆ ಎಂದರಲ್ಲ ಎಂಬ ಆಕ್ಷೇಪ ಸಹಜ. ಇಂಥ ಆಕ್ಸಲ್‌ನಲ್ಲಿ ಟೈ ರಾಡ್ ತಿರುಗಿಸಿ ಹೊಂದಿಸಲಾಗುವುದು ಟೋ ಮಾತ್ರ, ಹಾಗಾಗಿ ಸರಿಯೆಂದದ್ದು ಬಹುಶಃ ಟೋ ಬಗ್ಗೆ. ಕ್ಯಾಸ್ಟರ್ ಅಂಕಿಯನ್ನು ಬಾಯಿಬಿಟ್ಟು ಕೇಳಿ ಪಡೆಯಿರಿ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಕ್ಯಾಸ್ಟರ್ ಹೆಚ್ಚಿಸಿದರೆ ಪಿನಿಯನ್ ಕೆಳಮುಖವಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಅದುರುತ್ತದೆ. ನಿಜ, ಎರಡೂ ಒಂದೇ ಆಕ್ಸಲ್‌ಗೆ ಅಂಟಿಕೊಂಡಿವೆ. ಆದರೆ ಫ್ರೀ ವೀಲ್ ಹಬ್ ಇದ್ದು ಅದನ್ನು ಬಿಡಿಸಿದ್ದರೆ, ಟೂ ವೀಲ್ ಡ್ರೈವ್‌ನಲ್ಲಿ ಆ ಶಾಫ್ಟ್ ತಿರುಗುವುದೇ ಇಲ್ಲ. ಅಲ್ಲಿ ಕ್ಯಾಸ್ಟರ್‌ಗೇ ಆದ್ಯತೆ ಕೊಡಿ. ಹಬ್ ಇಲ್ಲದಿದ್ದರೆ ನಕಲ್ ಬೆಸುಗೆ ಬಿಡಿಸಿ ತಿರುಗಿಸುವುದೇ ದಾರಿ, ಅದು ನುರಿತ ಕಾರ್ಖಾನೆಯ ಕೆಲಸ. ಒಂದೆರಡು ಡಿಗ್ರಿಯ ಕೊರತೆಗೆ ಉಕ್ಕಿನ ಬೆಣೆ ಶಿಮ್ ಸಾಕು. ಸ್ಪ್ರಿಂಗ್ ಆಕ್ಸಲ್‌ನ ಮೇಲಿದ್ದರೆ ಶಿಮ್‌ನ ದಪ್ಪ ಅಂಚು ಹಿಂದಕ್ಕೆ ಬರಬೇಕು.

ಕ್ಯಾಸ್ಟರ್ ತಿದ್ದಿದ ಮೇಲೆಯೇ ಟೋ. ಟೈರ್‌ನ ಮುಂದೆ, ಹಿಂದೆ ಒಂದೇ ಎತ್ತರದಲ್ಲಿ ಟೇಪ್ ಹಿಡಿದಾಗ ಮುಂದಿನ ಅಳತೆ 2–3 ಮಿ.ಮೀ. ಕಡಿಮೆ ಇರಲಿ. ಡ್ರ್ಯಾಗ್ ಲಿಂಕ್ ಕಡಿದಾಗಿ ಇಳಿದಿದ್ದರೆ ಅದರ ಕೆಳತುದಿಯನ್ನು ನಕಲ್ ಮೇಲಿನ ಹೈ ಸ್ಟೇರ್ ಆರ್ಮ್‌ಗೆ ಎತ್ತಿ ಆದಷ್ಟು ಮಟ್ಟ ಮಾಡಿ. ಹಿಂದಿನ ಆಕ್ಸಲ್ ಓರೆಯಾಗಿದೆಯೇ ಎಂದು ತಿಳಿಯಲು ಎರಡೂ ಬದಿಯ ವೀಲ್‌ಬೇಸ್ ಅಳೆದು ಹೋಲಿಸಿ. ಇಷ್ಟಾದರೂ ಗಾಡಿ ಸರಿದಾಡಿದರೆ ಮಾತ್ರ ಸ್ಟೇರಿಂಗ್ ಬಾಕ್ಸ್‌ನ ಸ್ಕ್ರೂ ಮುಟ್ಟಿ, ಅದೂ ಅತಿ ಸ್ವಲ್ಪ. ಹೆಚ್ಚು ಬಿಗಿದರೆ ಸ್ಟೇರಿಂಗ್ ನಡುವಿಗೆ ಮರಳದೆ ಹಳೆಯ ತೊಂದರೆಯೇ ಹೊಸದಾಗಿ ಶುರುವಾಗುತ್ತದೆ. ಶಿಮ್ ಹಾಕಿದ್ದರೆ ನೂರು ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿ, ಕೋನವನ್ನು ಇನ್ನೊಮ್ಮೆ ಓದಿ.