ಉಪಕರಣಗಳಿಲ್ಲದೆ ಜಿಗಿತದ ವ್ಯಾಯಾಮ

ಪಟ್ಟಣಗಳಲ್ಲಿ ‘ಬೂಟ್‌ಕ್ಯಾಂಪ್’ ಎಂದು ಕರೆಯಲ್ಪಡುವ ಕಠಿಣ ವ್ಯಾಯಾಮವನ್ನು ಈಚೆಗೆ ಗ್ರಾಮಗಳ ತರುಣ ದಂಪತಿಗಳೂ ಮೊಬೈಲಿನಲ್ಲಿ ನೋಡಿ ಅನುಸರಿಸತೊಡಗಿದ್ದಾರೆ. ಸೈನ್ಯಕ್ಕೆ ಹೊಸದಾಗಿ ಸೇರಿದವರನ್ನು ಪಳಗಿಸುವ ಅಮೆರಿಕದ ಶಿಬಿರಗಳಿಂದ ಈ ಹೆಸರು ಬಂದಿದೆ. ಸ್ವಲ್ಪ ಹೊತ್ತು ತೀವ್ರವಾಗಿ ಶ್ರಮಿಸುವುದು, ವಿಶ್ರಮಿಸುವುದು, ಪುನಃ ಶ್ರಮಿಸುವುದು, ಇದೇ ಅದರ ಕ್ರಮ. ಇದರಿಂದ ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯವು ಹೆಚ್ಚುವುದಲ್ಲದೆ, ಜಿಗಿತದ ತಟ್ಟನ್ನು ಸಹಿಸಿ ಎಲುಬುಗಳೂ ಬಲಗೊಳ್ಳುವುವು. ಚಿತ್ರದಲ್ಲಿ ಕಾಣುವ ಸಲಕರಣೆಗಳು ನಿಮ್ಮಲ್ಲಿ ಇಲ್ಲವೆಂದು ಚಿಂತಿಸಬೇಕಾಗಿಲ್ಲ.

ಹಗ್ಗವೊಂದು ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಮಧ್ಯವನ್ನು ಮೆಟ್ಟಿ ನಿಂತಾಗ ಎರಡು ತುದಿಗಳೂ ಕಂಕುಳಿನವರೆಗೆ ಬಂದರೆ ಅಳತೆ ಸರಿ. ಭಾರಕ್ಕೆ, ಬಟ್ಟೆಯ ಚೀಲದಲ್ಲಿ 5 ಕಿಲೋ ಮರಳನ್ನು ಕಟ್ಟಿ ಎದೆಗವಚಿಕೊಂಡು ಬಸ್ಕಿ ಹೊಡೆಯಬಹುದು. ಪೆಟ್ಟಿಗೆಯ ಮೇಲೆ ಜಿಗಿಯುವ ಬದಲು ಮೊಣಕಾಲಿಗಿಂತ ತಗ್ಗಾದ ಜಗಲಿಯನ್ನು ಒಂದೊಂದೇ ಕಾಲಿನಿಂದ ಹತ್ತಿ ಇಳಿಯಿರಿ. ಕಲ್ಲಿನ ಜಗಲಿಯ ಮೇಲೆ ಜಿಗಿಯುವುದು ಬೇಡ. ಗುರಿ ತಪ್ಪಿದರೆ ಮುಂಗಾಲು ಅಂಚಿಗೆ ಬಡಿಯುವುದು.

‘ಬರ್ಪಿ’ ಎಂಬ ವ್ಯಾಯಾಮವು ನಮ್ಮ ಗರಡಿಯ ದಂಡವನ್ನೂ ಬಸ್ಕಿಯನ್ನೂ ಬೆರೆಸಿದಂತಿದೆ. ಅಮೆರಿಕದ ರಾಯಲ್ ಬರ್ಪಿ ಎಂಬುವರು 1930ರ ದಶಕದಲ್ಲಿ ದೇಹದಾರ್ಢ್ಯದ ಪರೀಕ್ಷೆಗೆಂದು ಇದನ್ನು ರೂಪಿಸಿದಾಗ ಕೊನೆಯ ಜಿಗಿತವೇ ಇರಲಿಲ್ಲ. ಕುಳಿತು, ಕಾಲು ಹಿಂದಕ್ಕೆ ಚಾಚಿ, ಮತ್ತೆ ಎಳೆದುಕೊಂಡು, ಎದ್ದು ನಿಂತರೆ ಮುಗಿಯಿತು. ಹೊಸಬರು ಹೀಗೆಯೇ ಆರಂಭಿಸತಕ್ಕದ್ದು.

20 ಸೆಕೆಂಡು ಶ್ರಮ, 10 ಸೆಕೆಂಡು ವಿಶ್ರಾಂತಿ ಎಂಬ ಪ್ರಸಿದ್ಧ ಕ್ರಮವನ್ನು ಯಥಾವತ್ತಾಗಿ ಅನುಕರಿಸಬೇಡಿರಿ. ಜಪಾನಿನ ಇಜುಮಿ ತಬಾಟ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಅದು ಪ್ರಚಾರಕ್ಕೆ ಬಂತು. ಅದರಲ್ಲಿ ಭಾಗವಹಿಸಿದವರು ಕ್ರೀಡಾಭ್ಯಾಸವಿದ್ದ ತರುಣರು. ಅವರು ನಿಂತಲ್ಲೇ ತುಳಿಯುವ ಸೈಕಲನ್ನು ತುಳಿದರೇ ಹೊರತು ಜಿಗಿಯಲಿಲ್ಲ. ನಿಮಗೆ 20 ಸೆಕೆಂಡು ಶ್ರಮ, 40 ಸೆಕೆಂಡು ವಿಶ್ರಾಂತಿ, ಹೀಗೆ 6 ಸುತ್ತು ಸಾಕು. ಮೊದಲು 5 ನಿಮಿಷ ಚುರುಕಾಗಿ ನಡೆದು ಮೈ ಬೆಚ್ಚಗೆ ಮಾಡಿಕೊಳ್ಳಿರಿ. ವಾರದಲ್ಲಿ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು ಮಾಡಿರಿ. ನಾಟಿ ಅಥವಾ ಕೊಯ್ಲು ಮಾಡಿದ ದಿನ ಇದರ ಗೊಡವೆಯೇ ಬೇಡ.

ಜಿಗಿತದಲ್ಲಿ ಕಲಿಯಬೇಕಾದುದು ಏರುವುದಕ್ಕಿಂತ ಇಳಿಯುವುದನ್ನು. ಮುಂಗಾಲು ಮೊದಲು, ಅನಂತರ ಹಿಮ್ಮಡಿ ನೆಲ ಮುಟ್ಟಬೇಕು. ಮೊಣಕಾಲು ಬಾಗಿರಬೇಕು, ಒಳಕ್ಕೆ ವಾಲಬಾರದು. ಧಪ್ಪೆಂಬ ಸದ್ದು ಕೇಳಿದರೆ ಇಳಿತ ಸರಿಯಿಲ್ಲವೆಂದು ತಿಳಿಯಿರಿ. ಹಗ್ಗದಾಟಕ್ಕೆ ಎರಡು ಬೆರಳಿನಷ್ಟು ಎತ್ತರ ಸಾಕು. ಸಿಮೆಂಟಿಗಿಂತ ಕಲ್ಲು ಆಯ್ದು ಗುಡಿಸಿದ ಮಣ್ಣಿನ ಅಂಗಳವೇ ಮೇಲು. ಹವಾಯಿ ಚಪ್ಪಲಿಯಾಗಲಿ ಇಳಿಬಿಟ್ಟ ಸೆರಗಾಗಲಿ ಸಲ್ಲದು.

ಇನ್ನು ಅನೇಕ ಸ್ತ್ರೀಯರು ಹೇಳಲು ಸಂಕೋಚಪಡುವ ವಿಷಯ. ಹೆರಿಗೆಯಾದವರಲ್ಲಿ ಕೆಲವರಿಗೆ ಜಿಗಿದಾಗ ಮೂತ್ರ ಸೋರುವುದುಂಟು. ಗರ್ಭಕೋಶ ಮತ್ತು ಮೂತ್ರಕೋಶಗಳಿಗೆ ಆಸರೆಯಾದ ಸ್ನಾಯುಗಳು ಸಡಿಲಗೊಂಡಿರುವುದೇ ಇದಕ್ಕೆ ಕಾರಣ. ನಾಚಿಕೆಪಡಬೇಕಾದ್ದೇನೂ ಇಲ್ಲ, ಸಹಿಸಿಕೊಂಡು ಜಿಗಿಯಲೂ ಬಾರದು. ಮೂತ್ರವನ್ನು ತಡೆಯುವಾಗ ಬಿಗಿಯುವ ಸ್ನಾಯುಗಳನ್ನು 5 ಎಣಿಸುವವರೆಗೆ ಬಿಗಿದು ಸಡಿಲಿಸಿರಿ. ಹೀಗೆ 10 ಬಾರಿಯಂತೆ ದಿನಕ್ಕೆ ಮೂರು ಸಲ, ಕೆಲವು ತಿಂಗಳು ಬಿಡದೆ ಮಾಡಿದರೆ ಬಹುಮಂದಿಗೆ ಗುಣ ಕಾಣುವುದು. ಯೋನಿದ್ವಾರದಲ್ಲಿ ಭಾರವೆನಿಸಿದರೆ ಅಥವಾ ಏನೋ ಜಾರಿದಂತಾದರೆ ವೈದ್ಯರಿಗೆ ತೋರಿಸಿರಿ. ಹೆರಿಗೆಯ ನಂತರ ಕನಿಷ್ಠ ಮೂರು ತಿಂಗಳು ಜಿಗಿತ ಬೇಡ. ಸಿಸೇರಿಯನ್ ಆಗಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಪತಿಯಾದವರು ‘ಅಷ್ಟು ಬೇಗ ಸುಸ್ತೇ?’ ಎಂದು ಹಾಸ್ಯ ಮಾಡುವುದನ್ನು ಬಿಟ್ಟು ಆ ಹೊತ್ತು ಮಗುವನ್ನು ಎತ್ತಿಕೊಳ್ಳಲಿ.

ಗರ್ಭಿಣಿಯರು ಜಿಗಿತವನ್ನು ಬಿಟ್ಟು ನಡಿಗೆಯನ್ನು ಆರಿಸಿಕೊಳ್ಳುವುದು ಕ್ಷೇಮ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪುರುಷರು ಒಂದು ವಾರ, ಸ್ತ್ರೀಯರು ಎರಡು ವಾರ ಶ್ರಮದ ವ್ಯಾಯಾಮವನ್ನು ನಿಲ್ಲಿಸತಕ್ಕದ್ದು. ಮೆಟ್ಟಿಲು ಹತ್ತಿದರೆ ಏದುಸಿರು ಬರುವವರು ಮೊದಲು ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳಲಿ. ಹೃದ್ರೋಗ ಅಥವಾ ರಕ್ತದೊತ್ತಡ ಇರುವವರು ವೈದ್ಯರ ಅನುಮತಿಯಿಲ್ಲದೆ ಆರಂಭಿಸಬಾರದು. ವ್ಯಾಯಾಮದ ನಡುವೆ ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲಿಟ್ಟರೆ ತಕ್ಷಣ ನಿಲ್ಲಿಸಿ 108ಕ್ಕೆ ಕರೆಮಾಡಿರಿ.