ಅವ್ವನ ತೊಲಿ, ಅಂಗಡಿ ತೊಲಿ

ದೀಪಾವಳಿ ಅಮಾವಾಸ್ಯೆಗೆ ನಮ್ಮ ನವಲಗುಂದ ಸೀಮೆಯ ಎಷ್ಟೋ ಮನೆಗಳಲ್ಲಿ ಲಕ್ಷ್ಮೀಪೂಜೆಯ ತಾಟಿಗೆ ರಾಣಿಛಾಪ ರೂಪಾಯಿ ಬಂದು ಕೂರುತ್ತವೆ. ಅವ್ವ ಅವನ್ನು ‘ಬಂದಾ ರೂಪಾಯಿ’ ಎನ್ನುತ್ತಿದ್ದಳು. ಪೂಜೆಯ ಮರುದಿನ ಎಣಿಸಿ, ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಟ್ರಂಕಿನ ತಳಕ್ಕೆ ಸೇರಿಸುತ್ತಿದ್ದಳು.

ಒಂದು ವರ್ಷ ಮುಂಗಾರಿ ಕೈಕೊಟ್ಟಿತು. ಹಿಂಗಾರಿಗೆ ಕಡಲಿ ಬಿತ್ತಲು ಬೀಜದ ರೊಕ್ಕ ಇರಲಿಲ್ಲ. ಅವ್ವ ಗಂಟು ಬಿಚ್ಚಿ ಐದು ರೂಪಾಯಿ ನನ್ನ ಕೈಗಿಟ್ಟಳು. ಅಂಗಡಿಯವನು ತಕ್ಕಡಿಯ ಕಡೆ ತಿರುಗಲೂ ಇಲ್ಲ. “ಐದು ರೂಪಾಯಿ ಅಂದ್ರ ಐದು ತೊಲಿ. ಹಳೇ ಬೆಳ್ಳಿ, ಹತ್ತಕ್ಕ ಒಂದು ಕಳೀತೇನ್ರಿ” ಅಂದ. 45 ಗ್ರಾಂ ಬೆಳ್ಳಿಯ ಲೆಕ್ಕದಲ್ಲಿ ನೋಟು ಎಣಿಸಿ ಕೊಟ್ಟ. ನಾನು ನಮಸ್ಕಾರ ಹೇಳಿ ಬಂದೆ.

ಆತ ಹೇಳಿದ್ದು ಸುಳ್ಳಲ್ಲ. ಅದೇ ಅದರ ಚಂದ. ಒಂದು ರೂಪಾಯಿ ಅಂದರೆ ನಿಜವಾಗಿಯೂ ಒಂದು ತೊಲಿ. 1833ರಲ್ಲಿ ಕಂಪನಿ ಸರ್ಕಾರ ತೊಲಿಯನ್ನು 180 ಗ್ರೇನ್‌ಗೆ ನಿಗದಿ ಮಾಡಿತು. 1835ರಿಂದ ಅಚ್ಚಾದ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ, ಅಂದರೆ 11.66 ಗ್ರಾಂ. ರೂಪಾಯಿಯನ್ನೇ ತಕ್ಕಡಿಗೆ ಹಾಕಿ ತೂಗುವ ಕಾಲ ಅದು. ಆದರೆ ಇವತ್ತು ನಮ್ಮ ಅಂಗಡಿಗಳಲ್ಲಿ ತೊಲಿ ಅಂದರೆ 10 ಗ್ರಾಂ. ಅವ್ವ ಕೊಟ್ಟದ್ದು ಹಳೇ ತೊಲಿ, ಆತ ರೊಕ್ಕ ಕೊಟ್ಟದ್ದು ಹೊಸ ತೊಲಿಗೆ. ಮೇಲೆ ಮಿಶ್ರಣದ ಹೆಸರಿನಲ್ಲಿ ಮತ್ತೊಂದು ಕಡಿತ.

ಲೆಕ್ಕ ಇಷ್ಟೇ. ಆ ರೂಪಾಯಿಗಳಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 11.66 ಗ್ರಾಂನಲ್ಲಿ ಶುದ್ಧ ಬೆಳ್ಳಿ 10.69 ಗ್ರಾಂ, ಐದಕ್ಕೆ 53 ಗ್ರಾಂ ಮೀರುತ್ತದೆ. ಸಿಕ್ಕದ್ದು 45ರ ರೊಕ್ಕ. ಸವಕಲು ಬಿಟ್ಟು ಹಿಡಿದರೂ ಒಂದು ರೂಪಾಯಿಯ ಮುಕ್ಕಾಲು ಪಾಲು ಬೆಳ್ಳಿ ಪುಕ್ಕಟೆ ಬಿಟ್ಟುಬಂದಿದ್ದೆ.

ಅವ್ವ ಹೋದ ಮೇಲೆ ಗಂಟು ಮತ್ತೆ ಬಿಚ್ಚಿದೆವು. 21 ರೂಪಾಯಿ, ನಾವು ಮೂವರು. ಹಿರಿಯನೆಂದು ನಾನೇ ಏಳೇಳರ ಮೂರು ಪಾಲು ಹಾಕಿದೆ. ತಕ್ಕಡಿಯ ಪಾಠ ಕಲಿತವನಲ್ಲವೆ, ತೂಗಿಯೂ ನೋಡಿದೆ, ಮೂರೂ ಸಮ. ತಂಗಿ ಮಾತ್ರ ತನ್ನ ಪಾಲನ್ನು ಬೆಳಕಿಗೆ ಹಿಡಿದು, “ಅಣ್ಣಾ, ನನ್ನವು ಎಲ್ಲಾ ನಲವತ್ತರ ಈಚಿಗಿನವು ಅದಾವ. ನಿನ್ನವು ರಾಣಿವು” ಅಂದಳು.

ತಂಗಿಯ ಕಣ್ಣು ತಪ್ಪಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿ ಸಾಲದಾದಾಗ 1940ರಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ತೂಕ ಮಾತ್ರ ಹಾಗೇ ಇಟ್ಟರು. ನನ್ನ ಏಳರಲ್ಲಿ ಸುಮಾರು 75 ಗ್ರಾಂ ಶುದ್ಧ ಬೆಳ್ಳಿ, ಅವಳ ಏಳರಲ್ಲಿ 41. ಎಣಿಕೆ ಸಮ, ತೂಕ ಸಮ, ಪಾಲು ಮಾತ್ರ ಸಮ ಇರಲಿಲ್ಲ. ಇನ್ನು 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್, ಅಯಸ್ಕಾಂತ ಹಿಡಿದರೆ ಅಂಟುತ್ತದೆ.

ಬೆಳ್ಳಿಯ ಬೆಲೆ ತಳಪಾಯ. ಅದರ ಮೇಲೆ ಸಂಗ್ರಾಹಕರು ಕೊಡುವುದು ಬೇರೆ, ಅಲ್ಲಿ ವಯಸ್ಸು ಲೆಕ್ಕಕ್ಕಿಲ್ಲ. ನಮ್ಮ ಗಂಟಿನಲ್ಲಿ 1862ರ ಒಂದು ರೂಪಾಯಿ ಕಂಡು ತಮ್ಮ ಕುಣಿದಾಡಿದ. ಆದರೆ 1874ರವರೆಗೂ ಅದೇ ಇಸವಿ ಹಾಕಿ ಅಚ್ಚು ಒತ್ತುತ್ತಲೇ ಇದ್ದರು; ಹಾಗಾಗಿ ಅದು ಊರೂರಿಗೂ ಸಿಗುತ್ತದೆ. ಅದಕ್ಕಿಂತ ಎಪ್ಪತ್ತೇಳು ವರ್ಷ ಕಿರಿಯ 1939ರ ರೂಪಾಯಿ ಸಿಗುವುದೇ ಅಪರೂಪ. 1911ರದ್ದಕ್ಕೆ ಒಂದು ಕಥೆಯೇ ಇದೆ: ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವಾಗಿ, ಮರುವರ್ಷ ಚಿತ್ರವನ್ನೇ ತಿದ್ದಿದರು.

ಬೆಲೆ ಇರುವುದಕ್ಕೇ ನಕಲಿಯೂ ಇರುತ್ತದೆ. ನಮ್ಮ ರೂಪಾಯಿ ಅಚ್ಚು ಒತ್ತಿ ಮಾಡಿದ್ದು; ಅಕ್ಷರ ಚೂಪು, ಅಂಚಿನ ಗೀರು ಸಮ. ಎರಕ ಹೊಯ್ದ ನಕಲಿಯಲ್ಲಿ ಸಣ್ಣ ಸಣ್ಣ ಕುಳಿ, ಕರಗಿದಂಥ ಅಕ್ಷರ, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ ಇರುತ್ತವೆ. ಹಾಗಂತ ಎರಕವೆಲ್ಲ ನಕಲಿಯಲ್ಲ. ಜಪಾನಿನಲ್ಲಿ 1636ರಿಂದ ದೊಡ್ಡ ಪ್ರಮಾಣದಲ್ಲಿ ಹೊರಟ ‘ಕಾನ್‌ಎಯಿ ತ್ಸೂಹೋ’ ದುಡ್ಡುಗಳೆಲ್ಲ ಎರಕದವೇ. ನಡುವಿನ ಚೌಕ ತೂತಿಗೆ ಸರಳು ಪೋಣಿಸಿ ಅಂಚು ಅರೆಯುತ್ತಿದ್ದರು. ಅಲ್ಲಿ ಎರಕ ಅಸಲಿಯ ಗುರುತು, ಇಲ್ಲಿ ನಕಲಿಯ ಗುರುತು. ಅವೂ ಲೆಕ್ಕವಿಲ್ಲದಷ್ಟು ಉಳಿದಿರುವುದರಿಂದ, ಮುನ್ನೂರು ವರ್ಷ ಹಳೆಯವಾದರೂ ಬಹುತೇಕ ಅಗ್ಗ.

ನಮ್ಮಲ್ಲಿ ಅಂಥದೇ ಪಾಡು 1943ರಿಂದ 47ರವರೆಗಿನ ತೂತಿನ ದುಡ್ಡಿನದು. ಆದರೂ ತಮ್ಮ ಅದರ ಫೋಟೋ ಹಾಕಿದ್ದೇ ತಡ, ಯಾರೋ ಫೋನ್ ಮಾಡಿ ಎರಡು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ತುಂಬಿ ಅಂದರು. ರಿಸರ್ವ್ ಬ್ಯಾಂಕಿನ ಲಾಂಛನವಿದ್ದ ಪತ್ರವನ್ನೂ ಕಳಿಸಿದರು. ಹಳೇ ನಾಣ್ಯಗಳ ಇಂಥ ವ್ಯವಹಾರಕ್ಕೆ ತಾನು ಕೈಹಾಕುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಕೊಳ್ಳುವವನು ರೊಕ್ಕ ಕೊಡಬೇಕು. ಕೇಳಿದನೆಂದರೆ ಅವನು ಕೊಳ್ಳುವವನಲ್ಲ.

ಇನ್ನೆರಡು ಮಾತು. ನಾಣ್ಯಕ್ಕೆ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ಹೊಳಪು ಬಂದಷ್ಟೂ ಸಂಗ್ರಾಹಕ ದೂರ ಸರಿಯುತ್ತಾನೆ. ಹೊಲ ಉಳುವಾಗ ಗಡಿಗೆಯೇ ಸಿಕ್ಕರೆ ಅದು ಮನೆಯ ಗಂಟಲ್ಲ, ನಿಧಿ. ನಿಧಿ ಕುರಿತ ರಾಜ್ಯದ 1962ರ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಕೊನೆಗೆ 21ನ್ನೂ ಒಟ್ಟುಗೂಡಿಸಿ ಇಸವಿ ನೋಡಿದೆವು. 1940ರ ಹಿಂದಿನವು ಹನ್ನೆರಡು, ಈಚಿನವು ಒಂಬತ್ತು. ತಲಾ ನಾಲ್ಕು, ತಲಾ ಮೂರು. ತಂಗಿ ಒಂದನ್ನು ಮಾತ್ರ ಬದಲಿಸಿಕೊಂಡಳು: ಅವ್ವ ಸರಕ್ಕೆ ಪೋಣಿಸಲು ಕೊಕ್ಕೆ ಬೆಸೆಸಿದ್ದ ರಾಣಿ ರೂಪಾಯಿ. ಕೊಕ್ಕೆ ಇದ್ದರೆ ಸಂಗ್ರಾಹಕ ಮೂಸುವುದಿಲ್ಲ ಎಂದು ಹೇಳಹೋದೆ. “ಮಾರಾಂವ್ರಿಗೆ ಹೇಳ ಅದನ್ನ” ಅಂದಳು.

ಮೊನ್ನೆ ಕಾಲುಂಗುರ ಕೊಳ್ಳಲು ಅದೇ ಅಂಗಡಿಗೆ ಹೋಗಿದ್ದೆವು. ಆತ ನಗುತ್ತ, “ಬಂದಾ ರೂಪಾಯಿ ಎಷ್ಟು ತೊಲಿ ಉಳದಾವ್ರಿ ಮನ್ಯಾಗ?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ತಂಗಿ ಅಂದಳು: “ಯಾವ ತೊಲಿ ಕೇಳ್ತೀರಿ ಅಣ್ಣಾರ, ನಿಮ್ಮದೋ, ನಮ್ಮವ್ವನದೋ?”